ನಮ್ಮ ಮಗಳನ್ನು ಸದ್ಯಕ್ಕೆ ಯಾರೂ ಎತ್ತಿಕೊಳ್ಳಬೇಡಿ

ಬಂಧುಗಳೇ, ನೆರೆಮನೆಯವರೇ, ಉದ್ಯಾನದ ಬೆಂಚಿನಿಂದ ನಮ್ಮನ್ನು ಕಂಡೊಡನೆ ಎರಡೂ ಕೈ ಚಾಚುವ ಹಿರಿಯರೇ, ಬಸ್ಸಿನಲ್ಲಿ ಪಕ್ಕದ ಸೀಟಿನಿಂದ ಬಾಗಿ ಕೆನ್ನೆ ಹಿಂಡುವ ಅಪರಿಚಿತರೇ,

ಸುತ್ತಿ ಬಳಸದೆ ಹೇಳುತ್ತೇನೆ. ನಮ್ಮ ಮಗಳನ್ನು ದಯವಿಟ್ಟು ಸದ್ಯಕ್ಕೆ ಯಾರೂ ಎತ್ತಿಕೊಳ್ಳಬೇಡಿ. ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ, ನಿಮ್ಮ ಕೈಯಿಂದ ಏನನ್ನೂ ತಿನ್ನಿಸಬೇಡಿ, ನಾವು ಹತ್ತಿರವಿರುವಾಗ ಅವಳು ಬಿದ್ದರೆ ಎತ್ತಿ ಸಮಾಧಾನ ಮಾಡಬೇಡಿ. ಅವಳಾಗಿಯೇ ತೋಳೆತ್ತಿಕೊಂಡು ನಿಮ್ಮ ಬಳಿ ಓಡಿಬಂದರೆ? ಆಗಲಂತೂ ಖಂಡಿತ ಬೇಡ.

ಇದನ್ನು ಓದಿ ಹಲವರಿಗೆ ಮುನಿಸಾಗುತ್ತದೆಂದು ಗೊತ್ತು. ಈಗಾಗಲೇ ಆಗಿದೆ ಎಂದೂ ಗೊತ್ತು. "ಲೋಕದಲ್ಲಿ ಇವರೊಬ್ಬರೇ ಮಗು ಕಂಡವರ ಹಾಗೆ ಆಡುತ್ತಾರೆ" ಎಂಬ ಮಾತು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ದಾಟುತ್ತ ಕೊನೆಗೆ ನಮ್ಮ ಕಿವಿಗೂ ಬಂತು. ಬಾಗಿಲಲ್ಲಿ ನಿಂತು ಎರಡು ನಿಮಿಷದಲ್ಲಿ ವಿವರಿಸಲು ಹೋದಾಗಲೆಲ್ಲ ನಾನು ಒರಟನಂತೆ ಕಂಡಿದ್ದೇನೆ. ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯವೂ ಇದಲ್ಲ. ಆದ್ದರಿಂದ ಈ ಪತ್ರ.

ಮಗಳು ದತ್ತುವಾಗಿ ನಮ್ಮ ಮನೆಗೆ ಬಂದು ಐದು ತಿಂಗಳಾಯಿತು. ಬಂದಾಗ ಅವಳಿಗೆ 22 ತಿಂಗಳು. ಹುಟ್ಟಿದ್ದು ಬೇರೊಂದು ದೇಶದಲ್ಲಿ, ಬೆಳೆದದ್ದು ಅಲ್ಲಿಯ ಒಂದು ಶಿಶುಗೃಹದಲ್ಲಿ. ಯಾವ ದೇಶವೆಂದು ನಿಮ್ಮಲ್ಲಿ ಕೆಲವರಿಗೆ ತಿಳಿದಿದೆ, ಇಲ್ಲಿ ಬರೆಯುವುದಿಲ್ಲ. ಹೆತ್ತವರು ಯಾರು, ಏಕೆ ಬಿಟ್ಟುಕೊಟ್ಟರು ಎಂಬುದನ್ನೂ ಬರೆಯುವುದಿಲ್ಲ. ನಮಗೆ ತಿಳಿದಿರುವುದೇ ಒಂದೂವರೆ ಪುಟದಷ್ಟು, ಆ ಒಂದೂವರೆ ಪುಟ ಅವಳ ಆಸ್ತಿ. ಯಾರಿಗೆ ಎಷ್ಟು ಹೇಳಬೇಕೆಂದು ದೊಡ್ಡವಳಾದ ಮೇಲೆ ಅವಳೇ ತೀರ್ಮಾನಿಸಲಿ. ನಾನು ಬರೆಯಬಹುದಾದದ್ದು ಈ ಐದು ತಿಂಗಳು ನಮ್ಮ ಮನೆಯೊಳಗೆ ನಡೆದದ್ದನ್ನು ಮಾತ್ರ.

ಅವಳು ಬಂದ ವಾರದಲ್ಲೇ ನೀವೆಲ್ಲ ನೋಡಲು ಬಂದಿರಿ. ತಪ್ಪು ನಿಮ್ಮದಲ್ಲ, ಕರೆದವರು ನಾವು. ವರ್ಷಗಟ್ಟಲೆ ಕಾದು, ಕಡತ ಹಿಡಿದು ಅಲೆದು, ಅಂತೂ ಮಗಳು ಬಂದಳೆಂಬ ಹಿಗ್ಗು ನಮಗೆ. ಆ ಸಂಜೆ ಹನ್ನೊಂದು ಜನ ಹೆಂಗಸರು ಅವಳನ್ನು ಎತ್ತಿಕೊಂಡರು. ಹನ್ನೊಂದು ಮುಖಕ್ಕೂ ಅವಳು ನಕ್ಕಳು, ಹನ್ನೊಂದು ಕೊರಳಿಗೂ ಕೈ ಹಾಕಿದಳು. "ಎಂಥ ಗುಣವಂತ ಮಗು! ಯಾರು ಕರೆದರೂ ಹೋಗುತ್ತದೆ, ಅಳುವೆಂದರೇನೆಂದೇ ಗೊತ್ತಿಲ್ಲ" ಎಂದು ಎಲ್ಲರೂ ಮೆಚ್ಚಿದಿರಿ. ಹನ್ನೆರಡನೆಯವಳಾಗಿ ನನ್ನ ಹೆಂಡತಿ ಕೈ ಚಾಚಿದಾಗ ಅವಳಿಗೆ ಸಿಕ್ಕಿದ್ದೂ ಅದೇ ನಗೆ. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನೀವೆಲ್ಲ ಹೊರಟ ಮೇಲೆ ನನ್ನ ಹೆಂಡತಿ ಅಡುಗೆಮನೆಯಲ್ಲಿ ದೀಪ ಹಾಕದೆ ಬಹಳ ಹೊತ್ತು ನಿಂತಿದ್ದಳು.

ನಿಮ್ಮ ನಿಮ್ಮ ಮಕ್ಕಳನ್ನು ನೆನಪಿಸಿಕೊಳ್ಳಿ. ಏಳೆಂಟು ತಿಂಗಳಾಗುತ್ತಿದ್ದಂತೆ ಹೊಸ ಮುಖ ಕಂಡರೆ ತುಟಿ ಸೊಟ್ಟಗಾಗುತ್ತಿತ್ತು. ದೂರದೂರಿನಿಂದ ಬಂದ ಅಜ್ಜಿಯನ್ನೇ ಕಂಡು ಕಿರುಚಿ, ಅಜ್ಜಿಯ ಮನಸ್ಸು ನೋಯಿಸಿ, ಅಮ್ಮನ ಹೆಗಲಿಗೆ ಮುಖ ಹುದುಗಿಸುತ್ತಿತ್ತು. ಆಗ ನಿಮಗೆ ಮುಜುಗರವಾಗಿರಬಹುದು. ಆದರೆ ಆ ಕಿರುಚಾಟಕ್ಕೆ ಒಂದು ಅರ್ಥವಿತ್ತು: ಇವರು ನನ್ನವರು, ಉಳಿದವರು ಬೇರೆಯವರು ಎಂಬ ಲೆಕ್ಕ ಆ ಮಗುವಿನೊಳಗೆ ಕೂತಿತ್ತು. ನಮ್ಮ ಮಗಳೊಳಗೆ ಆ ಲೆಕ್ಕ ಇರಲಿಲ್ಲ. ಇರುವುದಕ್ಕೆ ಕಾರಣವೂ ಇರಲಿಲ್ಲ.

ಶಿಶುಗೃಹವೆಂದರೆ ಪಾಳಿಯ ಕೆಲಸ. ಬೆಳಗಿಗೆ ಒಬ್ಬರು, ಮಧ್ಯಾಹ್ನಕ್ಕೆ ಒಬ್ಬರು, ರಾತ್ರಿಗೆ ಒಬ್ಬರು. ವಾರದ ರಜೆಗೆ ಬದಲಿಯಾಗಿ ಮತ್ತೊಬ್ಬರು. ಕೆಲಸ ಬಿಟ್ಟುಹೋದವರ ಜಾಗಕ್ಕೆ ಹೊಸಬರು. ನಾವು ಭೇಟಿ ಮಾಡಿದ ಆರೈಕೆಯವರು ಕೆಟ್ಟವರೇನಲ್ಲ, ಒಬ್ಬಾಕೆಯಂತೂ ಮಗುವನ್ನು ನಮ್ಮ ಕೈಗೊಪ್ಪಿಸುವಾಗ ಬಿಕ್ಕಿ ಬಿಕ್ಕಿ ಅತ್ತರು. ಆದರೆ ಒಬ್ಬರ ಕೈಯಲ್ಲಿ ಎಂಟು ಹತ್ತು ಮಕ್ಕಳಿರುವಾಗ, ಯಾವ ಮುಖವೂ ನಾಳೆ ಇರುತ್ತದೆಂಬ ಖಾತರಿ ಇಲ್ಲದಿರುವಾಗ, ಒಂದು ಮಗು ಏನು ಕಲಿಯುತ್ತದೆ? ಹತ್ತಿರ ಬಂದವರನ್ನು ನಕ್ಕು ಒಲಿಸಿಕೊಳ್ಳುವುದನ್ನು ಕಲಿಯುತ್ತದೆ. ಒಂದು ತುತ್ತು ಹೆಚ್ಚು, ಒಂದು ಗಳಿಗೆ ಹೆಚ್ಚು ತೋಳಿನಲ್ಲಿ, ಅಷ್ಟಕ್ಕಾಗಿ. ನೀವು ಮೆಚ್ಚಿದ ಆ ನಗೆ ನಮ್ಮ ಮಗಳ ಹೊಟ್ಟೆಪಾಡಾಗಿತ್ತು. ಎತ್ತುವುದು, ಉಣಿಸುವುದು, ಸಂತೈಸುವುದು ಸದ್ಯಕ್ಕೆ ನಾವಿಬ್ಬರೇ ಮಾಡಿದರೆ ತನ್ನವರು ಯಾರೆಂಬ ಲೆಕ್ಕ ಅವಳೊಳಗೂ ಕೂತೀತು ಎಂಬುದು ನಮ್ಮ ಆಸೆ.

ನಾನು ಮನಶ್ಶಾಸ್ತ್ರ ಓದಿದವನಲ್ಲ. ಮಗಳು ಬರುವ ಮುಂಚೆ ಓದಿಕೊಂಡದ್ದಷ್ಟೇ. ರುಮೇನಿಯಾದಲ್ಲಿ 1989ರ ಡಿಸೆಂಬರಿನಲ್ಲಿ ಸರ್ವಾಧಿಕಾರಿ ಚೌಸೆಸ್ಕುವಿನ ಆಡಳಿತ ಬಿದ್ದ ಮೇಲೆ ಅಲ್ಲಿಯ ಅನಾಥಾಲಯಗಳ ಸ್ಥಿತಿ ಹೊರಜಗತ್ತಿಗೆ ಕಂಡಿತು. ಅಲ್ಲಿಂದ ಬ್ರಿಟನ್ನಿಗೆ ದತ್ತು ಹೋದ ಮಕ್ಕಳಲ್ಲಿ 165 ಜನರನ್ನು ಮೈಕೆಲ್ ರಟರ್ ಎಂಬ ಮನೋವೈದ್ಯರ ತಂಡ ಅವರು ದೊಡ್ಡವರಾಗುವವರೆಗೂ ಗಮನಿಸಿತು. ಅನಾಥಾಲಯದಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಳೆದ ಮಕ್ಕಳಲ್ಲಿ ಮತ್ತೆ ಮತ್ತೆ ಕಂಡ ಲಕ್ಷಣಗಳಲ್ಲಿ ಇದೂ ಒಂದು: ಅಪರಿಚಿತರೊಡನೆ ಹಿಂದೆಮುಂದೆ ನೋಡದೆ ಹೊರಟುಬಿಡುವುದು. ಮುಂದೆ 2000ದ ಸುಮಾರಿಗೆ ರುಮೇನಿಯಾದ ರಾಜಧಾನಿ ಬುಕಾರೆಸ್ಟಿನಲ್ಲಿ ಇನ್ನೊಂದು ಅಧ್ಯಯನ ಶುರುವಾಯಿತು. ಅನಾಥಾಲಯದಲ್ಲಿದ್ದ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು, ಚೀಟಿ ಎತ್ತಿದಂತೆ ಆರಿಸಿ, ತರಬೇತಿ ಪಡೆದ ಸಾಕುಕುಟುಂಬಗಳಿಗೆ ಕೊಟ್ಟರು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರು ಮನೆಯವರನ್ನು ಹಚ್ಚಿಕೊಂಡದ್ದು ಹೆಚ್ಚು ಗಟ್ಟಿಯಾಗಿತ್ತು. ನಮ್ಮ ಮಗಳು ಬಂದದ್ದು ಎರಡು ತುಂಬಲು ಎರಡು ತಿಂಗಳಿರುವಾಗ. ಆ ಅಂಕಿಯನ್ನು ಓದಿದ ರಾತ್ರಿ ನಾವಿಬ್ಬರೂ ಬೆರಳು ಮಡಚಿ ಲೆಕ್ಕ ಹಾಕಿದ್ದು ನೆನಪಿದೆ. ಯಾವ ಮಗುವಿನ ಹಣೆಬರಹವನ್ನೂ ತಿಂಗಳ ಲೆಕ್ಕ ಬರೆಯುವುದಿಲ್ಲವೆಂದು ಗೊತ್ತಿದ್ದರೂ ಎಣಿಸಿದೆವು.

ಅಳದ ಮಗುವೆಂದು ಹೊಗಳಿದಿರಿ. ಅದರ ಬಗ್ಗೆಯೂ ಹೇಳಬೇಕು.

ಅಳದಿದ್ದರೆ ತಾಯಿಯೂ ಹಾಲು ಕೊಡಳು ಎಂಬ ಗಾದೆಯಿದೆಯಲ್ಲ, ಅದರ ಹಿಂದೆ ಒಂದು ನಂಬಿಕೆ ಇದೆ: ಅತ್ತರೆ ಯಾರಾದರೂ ಬರುತ್ತಾರೆ. ಮೊದಲ ವಾರ ರಾತ್ರಿ ಎರಡಕ್ಕೋ ಮೂರಕ್ಕೋ ನನಗೆ ಎಚ್ಚರವಾಗುತ್ತಿತ್ತು. ತಲೆ ತಿರುಗಿಸಿದರೆ ತೊಟ್ಟಿಲುಮಂಚದ ಕಂಬಿಗಳ ನಡುವೆ ಎರಡು ಕಣ್ಣು. ಅವಳು ಎದ್ದು ಕುಳಿತಿರುತ್ತಿದ್ದಳು. ಸದ್ದಿಲ್ಲ, ಸುಮ್ಮನೆ ಮುಂದಕ್ಕೂ ಹಿಂದಕ್ಕೂ ತೂಗಿಕೊಳ್ಳುತ್ತ, ತನ್ನನ್ನು ತಾನೇ ಮಲಗಿಸಿಕೊಳ್ಳುವ ಪ್ರಯತ್ನ. ಎಷ್ಟು ಹೊತ್ತಿನಿಂದ ಹಾಗೆ ಕುಳಿತಿದ್ದಳೋ. ಒಂದು ದಿನ ಜ್ವರ 102 ಡಿಗ್ರಿ ದಾಟಿತ್ತು, ಬಟ್ಟೆಯೆಲ್ಲ ವಾಂತಿ, ಆಗಲೂ ಬಾಯಿ ಬಿಟ್ಟಿರಲಿಲ್ಲ. ಆ ಮೇಲೆ ನಾವು ಹಾಸಿಗೆಯನ್ನು ಅವಳ ಮಂಚಕ್ಕೆ ತಾಗಿಸಿಕೊಂಡು ಮಲಗತೊಡಗಿದೆವು. ಒಂದು ಕೈ ಕಂಬಿಯ ಒಳಗೆ. ಅವಳು ಎದ್ದರೆ ಕೈಗೆ ತಾಗಲೇಬೇಕು.

ಏಳನೆಯ ವಾರ ಒಂದು ರಾತ್ರಿ ಅವಳು ಅತ್ತಳು. ಮೊದಲು ಬೆಕ್ಕಿನ ಮರಿಯಂತೆ, ಕೇಳಿಸಿತೋ ಇಲ್ಲವೋ ಎಂದು ಪರೀಕ್ಷೆ ಮಾಡುವಂತೆ. ನಾವಿಬ್ಬರೂ ಒಟ್ಟಿಗೆ ಎದ್ದು ಒಬ್ಬರಿಗೊಬ್ಬರು ತಲೆ ಡಿಕ್ಕಿ ಹೊಡೆದುಕೊಂಡೆವು. ಮಾರನೆಯ ರಾತ್ರಿ ಜೋರಾಗಿ ಅತ್ತಳು. ಆಮೇಲಿನ ಮೂರು ವಾರ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಗೋಡೆಯಾಚೆಯ ನೆರೆಯವರು "ಮಗುವಿಗೆ ಹುಷಾರಿಲ್ಲವೇ, ಮೊದಲು ಚೆನ್ನಾಗಿತ್ತಲ್ಲ" ಎಂದು ಕಳವಳದಿಂದ ಕೇಳಿದರು. ನಿದ್ದೆಗೆಟ್ಟ ಕಣ್ಣಿನಲ್ಲಿ ನಾನು "ಈಗ ಹುಷಾರಾಗುತ್ತಿದ್ದಾಳೆ" ಎಂದೆ. ಅವರು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಿಮ್ಮ ನಿದ್ದೆಯನ್ನೂ ಕೆಡಿಸಿದ್ದಕ್ಕೆ ಇಲ್ಲಿಯೇ ಕ್ಷಮೆ ಕೇಳುತ್ತೇನೆ.

ಸುಮ್ಮನಿರುವ ಮಗುವನ್ನು ಹೊಂದಿಕೊಂಡ ಮಗುವೆಂದು ತಿಳಿಯುವ ತಪ್ಪು ಹಳೆಯದು. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಎಳೆಯ ಮಕ್ಕಳನ್ನು ದಾಖಲಿಸಿದರೆ ಹೆತ್ತವರು ಬಂದು ನೋಡುವುದಕ್ಕೂ ಬಿಗಿಯಾದ ಕಟ್ಟುಪಾಡು. ಅವರು ಬಂದರೆ ಮಗು ಅಳುತ್ತದೆ, ಬಾರದಿದ್ದರೆ ಎರಡು ದಿನದಲ್ಲಿ ಸುಮ್ಮನಾಗುತ್ತದೆ ಎಂಬುದು ವೈದ್ಯರ ಮತ್ತು ದಾದಿಯರ ವಾದ. ಜೇಮ್ಸ್ ರಾಬರ್ಟ್‌ಸನ್ ಎಂಬ ಸಮಾಜ ಕಾರ್ಯಕರ್ತರು ಈ ಸುಮ್ಮನಾಗುವಿಕೆಯನ್ನು ಅನುಮಾನಿಸಿದರು. ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳನ್ನು ಚಿತ್ರೀಕರಿಸಿ 1952ರಲ್ಲಿ ವೈದ್ಯರ ಮುಂದಿಟ್ಟರು. ಹಲವರು ಸಿಟ್ಟಾದರು. ಆದರೆ ಮಗು ಮೊದಲು ಪ್ರತಿಭಟಿಸುತ್ತದೆ, ಆಮೇಲೆ ಕುಸಿಯುತ್ತದೆ, ಕೊನೆಗೆ ನಂಟನ್ನೇ ಕಡಿದುಕೊಳ್ಳುತ್ತದೆ ಎಂದು ಅವರೂ ಮನೋವೈದ್ಯ ಜಾನ್ ಬೌಲ್ಬಿಯವರೂ ತೋರಿಸಿಕೊಟ್ಟದ್ದನ್ನು ಅಲ್ಲಗಳೆಯುವುದು ಕಷ್ಟವಾಯಿತು. 1959ರಲ್ಲಿ ಬ್ರಿಟನ್ನಿನ ಸರ್ಕಾರಿ ಸಮಿತಿಯೇ ಹೆತ್ತವರ ಭೇಟಿಗೆ ನಿರ್ಬಂಧ ಬೇಡವೆಂದು ಶಿಫಾರಸು ಮಾಡಿತು. ಅದು ಎಂಟು ದಿನದ ಮಾತು. ನಮ್ಮವಳದು 22 ತಿಂಗಳು, ಅದರ ಮೇಲೆ ಒಂದೇ ದಿನದಲ್ಲಿ ಊರು, ಭಾಷೆ, ಹಾಸಿಗೆ, ಊಟದ ರುಚಿ, ಪಕ್ಕದ ಮಂಚದ ಗೆಳತಿ ಎಲ್ಲವೂ ಮಾಯ.

ವಾಸನೆ ಕೂಡ. ಅವಳು ಬರುವಾಗ ಒಂದು ಸಣ್ಣ ಹೊದಿಕೆ ತಂದಿದ್ದಳು. ಅಂಚು ಹರಿದು, ಬಣ್ಣ ಮಾಸಿ, ಹುಳಿಹುಳಿ ಕಮಟು. ಆರೈಕೆಯವರು ಹೇಳಿ ಕಳಿಸಿದ್ದರು, ಕೆಲವು ವಾರ ಇದನ್ನು ತೊಳೆಯಬೇಡಿ ಎಂದು. ನಾವು ನಮ್ಮ ಅಮ್ಮನಿಗೆ ಅದನ್ನು ಹೇಳಲು ಮರೆತೆವು. ಮೊಮ್ಮಗಳಿಗೆ ಇಂಥ ಕೊಳಕು ಬಟ್ಟೆಯೇ ಎಂದು ಅಮ್ಮ ಪ್ರೀತಿಯಿಂದ ಬಿಸಿನೀರಿನಲ್ಲಿ ನೆನೆಸಿ, ತಿಕ್ಕಿ, ಬಿಸಿಲಲ್ಲಿ ಒಣಗಿಸಿ, ಮಡಚಿ ತಂದುಕೊಟ್ಟರು. ಮಗಳು ಅದನ್ನು ಮೂಗಿಗೆ ಹಿಡಿದಳು. ಮತ್ತೊಮ್ಮೆ ಹಿಡಿದಳು. ಆಮೇಲೆ ಅದನ್ನು ನೆಲಕ್ಕೆ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಅದನ್ನು ಮತ್ತೆಂದೂ ಮುಟ್ಟಲಿಲ್ಲ. ಅಮ್ಮ ಇವತ್ತಿಗೂ ಆ ಬಟ್ಟೆಯನ್ನು ಕಂಡರೆ ಕಣ್ಣೊರೆಸಿಕೊಳ್ಳುತ್ತಾರೆ. ಅವರದೇನು ತಪ್ಪು? ನಾಲ್ಕು ಮಕ್ಕಳನ್ನು ಬೆಳೆಸಿದವರಿಗೆ ಹೀಗೂ ಒಂದು ಮಗು ಇರಬಹುದೆಂದು ಹೇಳಬೇಕಾದವರು ನಾವು. ನಿಮಗೆ ಈ ಪತ್ರ ಬರೆಯುವ ಯೋಚನೆ ಹುಟ್ಟಿದ್ದು ಅಂದೇ.

ಊಟದ ವಿಷಯದಲ್ಲಿ ನಿಮ್ಮಲ್ಲಿ ಒಬ್ಬರು "ಮಗುವಿಗೆ ಹೊಟ್ಟೆ ತುಂಬ ಕೊಡುವುದಿಲ್ಲವೇನು, ನಮ್ಮ ಮನೆಯಲ್ಲಿ ತಟ್ಟೆ ಬಳಿದು ತಿಂದಳು" ಎಂದಿದ್ದರು. ಕೊಡುತ್ತೇವೆ. ಅವಳು ವಾಂತಿಯಾಗುವವರೆಗೆ ತಿನ್ನುತ್ತಿದ್ದಳು, ಮತ್ತೆ ಸಿಗುತ್ತದೋ ಇಲ್ಲವೋ ಎಂಬ ದಿಗಿಲಿಗೆ. ತುತ್ತನ್ನು ಕೆನ್ನೆಯೊಳಗೆ ಒತ್ತಿಟ್ಟುಕೊಂಡು ಗಂಟೆಗಟ್ಟಲೆ ತಿರುಗುತ್ತಿದ್ದಳು. ದಿಂಬಿನ ಕೆಳಗೆ, ಬೂಟಿನೊಳಗೆ, ಒಮ್ಮೆ ನನ್ನ ಕನ್ನಡಕದ ಡಬ್ಬಿಯಲ್ಲಿ ಉಳಿಸಿಟ್ಟ ಚೂರುಗಳು ಸಿಕ್ಕಿವೆ. ಅವಳನ್ನು ಗದರಿಸಬಾರದು, ತಿನಿಸನ್ನು ಅವಳಿಂದ ಬಚ್ಚಿಡಬಾರದು ಎಂದು ವೈದ್ಯರು ತಿಳಿಸಿದರು. ಅವಳ ಕೈಗೆಟಕುವ ಎತ್ತರದಲ್ಲಿ ತಿನಿಸಿನ ಒಂದು ಬಟ್ಟಲು ಹಗಲಿಡೀ ಇರುತ್ತದೆ, ಖಾಲಿಯಾಗದಂತೆ ನೋಡಿಕೊಳ್ಳುತ್ತೇವೆ. ಈಗೀಗ ಅವಳು ಬಟ್ಟಲಿನ ಪಕ್ಕ ಹಾದುಹೋಗುವಾಗ ಒಮ್ಮೆ ಇಣುಕಿ, ಇದೆ ಎಂದು ಖಚಿತಪಡಿಸಿಕೊಂಡು, ತಿನ್ನದೆಯೇ ಆಟಕ್ಕೆ ಹೋಗುತ್ತಾಳೆ. ತೂಕ, ಎತ್ತರ ಎರಡೂ ಏರುತ್ತಿವೆ. ಲಸಿಕೆ, ರಕ್ತಪರೀಕ್ಷೆ, ಹೊಟ್ಟೆಹುಳದ ಔಷಧ ಇತ್ಯಾದಿಗಳನ್ನು ವಿವರಿಸಿ ನಿಮ್ಮನ್ನು ಬೇಸರಪಡಿಸುವುದಿಲ್ಲ.

ಇನ್ನು ನನ್ನ ಕತೆ. ಶಿಶುಗೃಹದಲ್ಲಿ ಕೆಲಸಕ್ಕಿದ್ದವರೆಲ್ಲ ಹೆಂಗಸರು. ನನ್ನ ಗಡ್ಡ, ಗಡಸು ಧ್ವನಿ, ಎತ್ತರ ಯಾವುದೂ ಅವಳ ಜಗತ್ತಿನ ವಸ್ತುವಾಗಿರಲಿಲ್ಲ. ಮೊದಲ ಎರಡು ತಿಂಗಳು ನಾನು ಕೋಣೆಗೆ ಬಂದರೆ ಅವಳು ಸೆಟೆದು ನಿಲ್ಲುತ್ತಿದ್ದಳು. ಗಡ್ಡ ಬೋಳಿಸಿದೆ. ಪಿಸುಮಾತಿನಲ್ಲಿ ಮಾತಾಡಿದೆ. ನಿಂತರೆ ಎತ್ತರವೆಂದು ಮನೆಯೊಳಗೆ ಅರ್ಧ ದಿನ ನೆಲದ ಮೇಲೆ ಕುಳಿತೇ ಕಳೆದೆ, ಅವಳ ಕಡೆ ನೋಡದೆ, ಮರದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸುತ್ತ. ಪ್ರೀತಿಸಲು ಮಗಳು ಸಿಕ್ಕಳೆಂದು ಬಂದವನಿಗೆ ತನ್ನ ಮನೆಯಲ್ಲೇ ಪೀಠೋಪಕರಣದಂತಿರುವುದು ಸುಲಭವಲ್ಲ. ಅತ್ತ ನನ್ನ ಹೆಂಡತಿಯ ಪಾಡು ಬೇರೆ: ಮೂರನೆಯ ತಿಂಗಳಿನಿಂದ ಮಗಳು ಅವಳನ್ನು ಸ್ನಾನದ ಮನೆಗೂ ಒಬ್ಬಳನ್ನೇ ಬಿಡುತ್ತಿರಲಿಲ್ಲ. ಮಗು ಬಂದ ಮೇಲೆ ತಾಯಂದಿರು ಸಂತೋಷದಿಂದಲೇ ಇರಬೇಕೆಂದು ನೀವು ಭಾವಿಸುತ್ತೀರಿ. ದತ್ತು ಪಡೆದವರೂ ಹೆತ್ತವರಂತೆಯೇ ಮಂಕಾಗುತ್ತಾರೆ, ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅಳುತ್ತಾರೆ. "ಬೇಕೆಂದೇ ತಂದುಕೊಂಡಿರಿ, ಈಗೇನು" ಎಂಬ ಮಾತಿಗೆ ಹೆದರಿ ಬಾಯಿ ಬಿಡುವುದಿಲ್ಲ.

ನಮ್ಮ ಮಗನಿಗೆ ಏಳು ವರ್ಷ. ತಂಗಿ ಬರುತ್ತಾಳೆಂದು ತನ್ನ ಆಟಿಕೆಗಳಲ್ಲಿ ಯಾವುದು ಅವಳದು ಎಂದು ಚೀಟಿ ಅಂಟಿಸಿಟ್ಟಿದ್ದವನು. ಬಂದ ತಂಗಿ ಅವನ ಕೈ ಕಚ್ಚಿದಳು, ಅವನು ಕಟ್ಟಿದ್ದನ್ನೆಲ್ಲ ಕೆಡವಿದಳು, ಅವನ ಅಮ್ಮನನ್ನು ಹಗಲೂ ರಾತ್ರಿ ಆಕ್ರಮಿಸಿಕೊಂಡಳು. ನೋಡಲು ಬಂದವರೆಲ್ಲ ಅವನ ತಲೆಯ ಮೇಲಿಂದ ಬಾಗಿ ಅವಳನ್ನು ಮಾತಾಡಿಸಿದಿರಿ. ಒಂದು ದಿನ ಅವನು ಆ ಚೀಟಿಗಳನ್ನೆಲ್ಲ ಕಿತ್ತುಹಾಕಿದ. ನಾವು ಏನೂ ಹೇಳಲಿಲ್ಲ. ಬಾಗಿಲಿಗೆ ಬಂದಾಗ ದಯವಿಟ್ಟು ಮೊದಲು ಅವನನ್ನು ಮಾತಾಡಿಸಿ. "ನಿನ್ನ ಸ್ವಂತ ತಂಗಿಯೇ?" ಎಂದು ಮಾತ್ರ ಕೇಳಬೇಡಿ. ಶಾಲೆಯಲ್ಲಿ ಯಾರೋ ಹಾಗೆ ಕೇಳಿದಾಗ ಅವನು "ಹೌದು, ನನ್ನನ್ನೇ ಕಚ್ಚುತ್ತಾಳೆ" ಎಂದನಂತೆ. ಅದಕ್ಕಿಂತ ಒಳ್ಳೆಯ ಉತ್ತರ ನನಗೂ ಹೊಳೆದಿಲ್ಲ.

ಭಾಷೆಯ ಬಗ್ಗೆ ಬಹಳ ಜನ ಕೇಳುತ್ತೀರಿ. ಅವಳಿಗೆ ಸುಮಾರು ಮೂವತ್ತು ಪದಗಳು ಬರುತ್ತವೆ ಎಂದು ಕಡತದಲ್ಲಿತ್ತು. ನಮ್ಮ ಮನೆಯಲ್ಲಿ ಮೊದಲ ದಿನ ಹತ್ತು ಬಾರಿ ಒಂದೇ ಪದ ಹೇಳಿದಳು. ನಮಗೆ ಅರ್ಥವಾಗಲಿಲ್ಲ. ಆಮೇಲೆ ಮಾತು ನಿಲ್ಲಿಸಿಬಿಟ್ಟಳು. ಆ ಪದಕ್ಕೆ 'ಕೆಳಗಿಳಿಸು' ಎಂದರ್ಥವೆಂದು ತಿಳಿಯುವ ಹೊತ್ತಿಗೆ ಎರಡು ವಾರ ಕಳೆದಿತ್ತು. ಬೇಕು, ಸಾಕು, ನೀರು, ಎತ್ತಿಕೋ, ನೋವು, ಇಷ್ಟಕ್ಕೆ ಕೈಸನ್ನೆ ಕಲಿಸಿದೆವು. ಈಗ ನಮ್ಮ ಮಾತಿನ ಪದಗಳು ಒಂದೊಂದಾಗಿ ಬರುತ್ತಿವೆ, ಅವಳ ಹಳೆಯ ಪದಗಳು ಒಂದೊಂದಾಗಿ ಹೋಗುತ್ತಿವೆ. ಬಂದದ್ದನ್ನು ನೀವು ಚಪ್ಪಾಳೆ ತಟ್ಟಿ ಸ್ವಾಗತಿಸುತ್ತೀರಿ. ಹೋದದ್ದಕ್ಕೆ ಅಳುವವರು ಯಾರೂ ಇಲ್ಲ. ಎಳವೆಯಲ್ಲೇ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಬಂದು ಬೆಳೆದ ಕೆಲವರನ್ನು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಪರೀಕ್ಷಿಸಿತ್ತು. ಮೂರರಿಂದ ಎಂಟರ ನಡುವಿನ ವಯಸ್ಸಿನಲ್ಲಿ ದತ್ತು ಬರುವವರೆಗೆ ಕೊರಿಯನ್ ಆಡಿದ್ದವರು ಬೇರೆ ಭಾಷೆಗಳ ನಡುವೆ ಅದನ್ನು ಗುರುತಿಸಲೂ ಆಗದಷ್ಟು ಮರೆತಿದ್ದರು. ಆದರೆ 2014ರಲ್ಲಿ ಕೆನಡಾದ ಮಾಂಟ್ರಿಯಲ್‌ನಿಂದ ಬಂದ ಇನ್ನೊಂದು ಅಧ್ಯಯನ ನಮಗೆ ಧೈರ್ಯ ಕೊಟ್ಟಿತು. ಸುಮಾರು ಒಂದು ವರ್ಷದ ಕೂಸುಗಳಾಗಿದ್ದಾಗ ಚೀನಾದಿಂದ ಬಂದು, ಫ್ರೆಂಚ್ ಮಾತ್ರ ಆಡಿಕೊಂಡು ಬೆಳೆದ ಹುಡುಗಿಯರಿಗೆ ಚೀನೀ ಭಾಷೆಯ ದನಿಯ ಏರಿಳಿತಗಳನ್ನು ಕೇಳಿಸಿದಾಗ ಅವರ ಮೆದುಳು ಸ್ಪಂದಿಸಿದ್ದು ಚೀನೀ ಬಲ್ಲವರ ಮೆದುಳಿನಂತೆಯೇ. ಅವರಿಗೆ ಒಂದು ಪದವೂ ನೆನಪಿರಲಿಲ್ಲ. ರಾತ್ರಿ ಮಲಗಿಸುವಾಗ ಅವಳ ನಾಡಿನ ಒಂದು ಜೋಗುಳವನ್ನು ಹಾಕುತ್ತೇವೆ. ತಪ್ಪು ತಪ್ಪಾಗಿ ಉಚ್ಚರಿಸುತ್ತ ನಾವೂ ಹಾಡುತ್ತೇವೆ.

"ಪುಣ್ಯದ ಕೆಲಸ ಮಾಡಿದಿರಿ, ಒಂದು ಜೀವ ಉಳಿಸಿದಿರಿ" ಎನ್ನುವವರಿಗೆ ಒಂದು ಮಾತು. ಅವಳ ಎದುರಿಗೆ ಇದನ್ನು ಹೇಳಬೇಡಿ. ಇಂದು ಅರ್ಥವಾಗದಿರಬಹುದು, ಇನ್ನೆರಡು ವರ್ಷಕ್ಕೆ ಆಗುತ್ತದೆ. ತನ್ನ ಅಪ್ಪ ಅಮ್ಮನಿಗೆ ಋಣಿಯಾಗಿರಬೇಕೆಂದು ಊರೆಲ್ಲ ನೆನಪಿಸುವ ಮಗುವಾಗಿ ಬೆಳೆಯುವುದು ಅವಳಿಗೆ ಬೇಡ. ನಮಗೆ ಮಗಳು ಬೇಕಿತ್ತು, ಪಡೆದವರು ನಾವು. ಅದಲ್ಲದೆ, ಪುಣ್ಯ ಎಂಬ ಪದದ ಮರೆಯಲ್ಲಿ ಈ ಹಾದಿಯಲ್ಲಿ ಏನೇನು ನಡೆದಿದೆ ಎಂಬುದೂ ಈಗ ಬಯಲಾಗಿದೆ. ದಕ್ಷಿಣ ಕೊರಿಯಾದಿಂದ 1950ರ ದಶಕದಿಂದೀಚೆಗೆ ಲಕ್ಷಕ್ಕೂ ಹೆಚ್ಚು ಮಕ್ಕಳು ಹೊರದೇಶಗಳಿಗೆ ದತ್ತು ಹೋದರು. ತಂದೆತಾಯಿ ಇದ್ದ ಮಕ್ಕಳನ್ನು ಅನಾಥರೆಂದು ಬರೆದದ್ದು, ಒಂದು ಮಗುವಿನ ಗುರುತನ್ನು ಇನ್ನೊಂದಕ್ಕೆ ಅಂಟಿಸಿದ್ದು ನಡೆದಿತ್ತೆಂದು ಆ ದೇಶದ ಸತ್ಯಶೋಧನಾ ಆಯೋಗವೇ 2025ರ ಮಾರ್ಚಿನಲ್ಲಿ ಹೇಳಿತು. ಇಂಥವೇ ಅಕ್ರಮಗಳು ಬೆಳಕಿಗೆ ಬಂದ ಮೇಲೆ ನೆದರ್ಲೆಂಡ್ಸ್ 2021ರಲ್ಲಿ ಹೊರದೇಶದ ದತ್ತುವನ್ನು ತಡೆಹಿಡಿಯಿತು. ಮಗು ಮೊದಲು ತನ್ನ ಕುಟುಂಬದಲ್ಲಿ, ಅದಾಗದಿದ್ದರೆ ತನ್ನ ದೇಶದಲ್ಲಿ, ಅದೂ ಆಗದಿದ್ದರೆ ಮಾತ್ರ ಹೊರದೇಶದಲ್ಲಿ ಎಂಬ ನಿಯಮವನ್ನು 1993ರ ಹೇಗ್ ಒಡಂಬಡಿಕೆ ಬರೆದಿಟ್ಟಿದೆ. ನಾವು ಅದರ ಪ್ರಕಾರವೇ ನಡೆದೆವು, ಪ್ರತಿ ಕಾಗದವನ್ನೂ ಎರಡೆರಡು ಸಲ ಕೇಳಿ ನೋಡಿದೆವು. ಆದರೂ ಆ ಒಂದೂವರೆ ಪುಟವನ್ನು ಮತ್ತೆ ಓದುವ ರಾತ್ರಿಗಳಿವೆ. ಅವಳು ಒಂದು ದಿನ ಹುಡುಕಿಕೊಂಡು ಹೋದರೆ ಜೊತೆಗೆ ಹೋಗುತ್ತೇವೆ. ಪುಣ್ಯವೆಂದು ಯಾರಾದರೂ ಅಂದಾಗ ನನ್ನ ಮುಖ ಗಂಟಾಗುವುದು ಇದಕ್ಕೆ.

ಉದ್ಯೋಗ ಕೊಡುವವರಿಗೂ ರಜೆಯ ನಿಯಮ ಬರೆಯುವವರಿಗೂ ಇಲ್ಲಿಯೇ ಒಂದು ಸಾಲು. "ಮಗು ದೊಡ್ಡದಲ್ಲವೇ, ನಡೆಯುತ್ತದೆ, ತಿನ್ನುತ್ತದೆ, ರಜೆ ಯಾಕೆ?" ಎಂದು ನನ್ನ ಹೆಂಡತಿಯನ್ನು ಕೇಳಿದರು. ನಡೆಯುವುದು ಹೌದು. ಯಾರ ಕಡೆಗೆ ನಡೆಯಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ದತ್ತು ಮಗುವಿನ ರಜೆಯನ್ನು ಅದು ಹುಟ್ಟಿದ ದಿನದಿಂದ ಎಣಿಸಬೇಡಿ, ಮನೆಗೆ ಬಂದ ದಿನದಿಂದ ಎಣಿಸಿ. ಅಪ್ಪನಿಗೂ ಕೊಡಿ. ನಾನು ನೆಲದ ಮೇಲೆ ಕುಳಿತು ಮರದ ತುಂಡು ಜೋಡಿಸಿದ ಎರಡು ತಿಂಗಳು ಸಂಬಳವಿಲ್ಲದ ರಜೆಯಾಗಿತ್ತು.

ಹಾಗಾದರೆ ನೀವೇನು ಮಾಡಬೇಕು? ಬನ್ನಿ. ಬರಬೇಡಿ ಎಂದು ಯಾರಂದರು? ಬನ್ನಿ, ಕುಳಿತುಕೊಳ್ಳಿ, ಅವಳಿಗೆ ಕೈ ಬೀಸಿ, ದೂರದಿಂದ ಮುಖ ಮುಚ್ಚಿ ತೆರೆದು ಆಟವಾಡಿಸಿ. ಅವಳಿಗೆಂದು ತಂದದ್ದನ್ನು ನಮ್ಮ ಕೈಗೆ ಕೊಡಿ, ನಾವು ಅವಳಿಗೆ ಕೊಡುತ್ತೇವೆ. ಅವಳು ನಗುನಗುತ್ತ ನಿಮ್ಮ ಮೊಣಕಾಲು ತಬ್ಬಿದರೆ ಬಾಗಿ ಭುಜ ಹಿಡಿದು ಮೆಲ್ಲಗೆ ನಮ್ಮ ಕಡೆ ತಿರುಗಿಸಿ, "ಅಗೋ ಅಮ್ಮ, ಅಗೋ ಅಪ್ಪ" ಎನ್ನಿ. ಇದಕ್ಕೆ ಮನಸ್ಸು ಗಟ್ಟಿ ಬೇಕು, ಬಲ್ಲೆ. ಅಂಥ ಮುಖವನ್ನು ಹಿಂದಕ್ಕೆ ಕಳಿಸುವುದು ಕಷ್ಟ. ಅಷ್ಟೂ ಆಗದಿದ್ದರೆ ತೊಟ್ಟಿಯಲ್ಲಿ ರಾಶಿ ಬಿದ್ದಿರುವ ಪಾತ್ರೆ ತೊಳೆದುಕೊಡಿ, ಮಗನನ್ನು ಒಂದು ಗಂಟೆ ಸೈಕಲ್ ಕಲಿಸಲು ಕರೆದುಕೊಂಡು ಹೋಗಿ. ಎಷ್ಟು ದಿನ ಹೀಗೆ ಎಂದು ಕೇಳಬೇಡಿ. ಯಾವಾಗ ಸಾಕೆಂದು ಅವಳೇ ತಿಳಿಸುತ್ತಾಳೆ.

ಮೊನ್ನೆ ಭಾನುವಾರ ಉದ್ಯಾನದಲ್ಲಿ ನಡೆದದ್ದನ್ನು ಕೆಲವರು ನೋಡಿದಿರಿ. ಬೆಂಚಿನ ಹಿರಿಯರಲ್ಲಿ ಒಬ್ಬರು, ಮೊದಲ ವಾರ ನಮ್ಮ ಮನೆಯಲ್ಲಿ ಅವಳನ್ನು ಎತ್ತಿಕೊಂಡು ಮುದ್ದಾಡಿದವರೇ, ಅವಳನ್ನು ಕಂಡು ಎದ್ದು ಬಂದರು. ಹೆಸರು ಹಿಡಿದು ಕರೆದು ತೋಳು ಚಾಚಿದರು. ನಾನು ತಡೆಯಬೇಕೆನ್ನುವಷ್ಟರಲ್ಲಿ ಅವಳು ಒಂದು ಹೆಜ್ಜೆ ಮುಂದಿಟ್ಟವಳು ನಿಂತಳು. ಅವರ ಮುಖ ನೋಡಿದಳು, ಹಿಂದೆ ತಿರುಗಿ ನನ್ನನ್ನು ನೋಡಿದಳು. ಮರುಗಳಿಗೆ ಇಡೀ ಉದ್ಯಾನಕ್ಕೆ ಕೇಳುವಂತೆ ಕಿರುಚಿ ಓಡಿಬಂದು ನನ್ನ ಕಾಲಿನ ಹಿಂದೆ ಅವಿತು, ಪ್ಯಾಂಟನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಳು. ಆ ತಾಯಿಯ ಕೈ ಗಾಳಿಯಲ್ಲೇ ಉಳಿಯಿತು. ಮುಖ ಸಣ್ಣಗಾಯಿತು. "ಅಯ್ಯೋ, ಮೊದಲು ಎಷ್ಟು ಚೆನ್ನಾಗಿ ಬರುತ್ತಿದ್ದಳು, ಈಗೇನಾಯಿತು ಮಗುವಿಗೆ" ಎಂದರು.

ಅಮ್ಮಾ, ನಾನು ಆಗ ಕ್ಷಮಿಸಿ ಎಂದೇನೋ ತೊದಲಿದೆ. ನನ್ನ ಕಣ್ಣು ತುಂಬಿದ್ದನ್ನು ನೀವು ನೋಡಿ ತಪ್ಪು ತಿಳಿದಿರಬಹುದು. ಮುಂದಿನ ಭಾನುವಾರವೂ ಬರುತ್ತೇವೆ, ನಾಲ್ಕು ಗಂಟೆಗೆ. ನೀವು ಅದೇ ಬೆಂಚಿನಲ್ಲಿರಿ, ಅಲ್ಲಿಂದಲೇ ಕೈ ಬೀಸಿ.

ಇಂತು,
ಗಡ್ಡ ಬೋಳಿಸಿಕೊಂಡ ಅಪ್ಪ